ಉಕ್ಕೋದೇ ಇಲ್ಲ ಅನ್ನೋ ಕಂಪೈಲರ್

ಸಿ ಭಾಷೆಯ 32 ಬಿಟ್ ಇಂಟಿಜರ್‌ನಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 2147483647. ಅದನ್ನು ದಾಟಿದರೆ ಮೈನಸ್‌ಗೆ ಉರುಳುತ್ತೆ ಅನ್ನೋದು ನಮ್ಮಲ್ಲಿ ಬಹಳ ಜನರ ನಂಬಿಕೆ. ಅದಕ್ಕೇ 'ನೂರು ಕೂಡಿಸಿದ ಮೇಲೆ ಮೊತ್ತ ಮೊದಲಿಗಿಂತ ಚಿಕ್ಕದಾದರೆ ನಿಲ್ಲು' ಅಂತ ಒಂದು ಇಫ್ ಬರೆದು ನಿಶ್ಚಿಂತೆಯಾಗಿರ್ತಾರೆ.

ಆದರೆ ಓ2 ಆಪ್ಟಿಮೈಸೇಶನ್ ಕೊಟ್ಟರೆ ಜಿಸಿಸಿ ಆ ಚೆಕ್ಕನ್ನೇ ಅಳಿಸಿಹಾಕುತ್ತೆ. ಅದರ ಲೆಕ್ಕ ಸರಳ: ಸೈನ್ಡ್ ಸಂಖ್ಯೆ ಉಕ್ಕಿದರೆ ಏನಾಗಬೇಕು ಅಂತ ಸ್ಟ್ಯಾಂಡರ್ಡ್ ಹೇಳಿಲ್ಲ, ಹಾಗಾಗಿ ಉಕ್ಕೋದೇ ಇಲ್ಲ. ಉಕ್ಕದಿದ್ದರೆ, ನೂರು ಕೂಡಿಸಿದ್ದು ಚಿಕ್ಕದಾಗೋದುಂಟೇ?

ನನಗೆ ದಿಗಿಲು ಇಲ್ಲೇ. ಡೀಬಗ್ ಬಿಲ್ಡ್‌ನಲ್ಲಿ ಟೆಸ್ಟ್ ಪಾಸಾದ ಕಾವಲುಗಾರ, ಗ್ರಾಹಕರಿಗೆ ಹೋಗೋ ಬಿಲ್ಡ್‌ನಲ್ಲಿ ಇರದೇ ಹೋಗಬಹುದು. ಹಾಗಾಗಿ ರಿವ್ಯೂನಲ್ಲಿ ನಾನು ಹೇಳೋದಿಷ್ಟೇ: ಕೂಡಿಸಿ ನೋಡಬೇಡಿ, ನೋಡಿ ಕೂಡಿಸಿ. ಗರಿಷ್ಠ ಸಂಖ್ಯೆಯಿಂದ ನೂರು ಕಳೆದು ಮೊದಲೇ ಹೋಲಿಸಿ.