ಮುಖಕ್ಕೆ ತಕ್ಕ ಕಾಗದ

ಥಿಯೇಟರಿನ ಷೋಕೇಸಲ್ಲಿ ಪಳಪಳ ಹೊಳೆಯುತ್ತಿದ್ದ ಕಪ್ಪು-ಬಿಳುಪು ಸ್ಟಿಲ್ಲುಗಳ ಹೊಳಪು ಹೀರೋನದಲ್ಲ ಸ್ವಾಮಿ, ಕಾಗದದ್ದು! ಒದ್ದೆ ಬ್ರೋಮೈಡ್ ಪ್ರಿಂಟನ್ನು ಕ್ರೋಮಿಯಂ ತಗಡಿಗೆ ಮುಖ ಕೆಳಗಾಗಿ ಅಂಟಿಸಿ ಒಣಗಿಸಿದರೆ ಕನ್ನಡಿಯಂಥ ಗ್ಲೇಜು ಬರುತ್ತಿತ್ತು.

ತೀರಿಕೊಂಡ ಗೆಳೆಯನ ಹಳೇ ನೆಗೆಟಿವ್ ಹಿಡಿದು ಮೊನ್ನೆ ಅವನ ಹೆಂಡತಿ ಬಂದರು. ಗುಂಪು ದೃಶ್ಯಗಳಲ್ಲಿ ನಿಲ್ಲುತ್ತಿದ್ದವನು ಅವನು. ತೆರೆಯ ಮೇಲೆ ಒಂದೇ ಒಂದು ಕ್ಲೋಸಪ್ ಇಲ್ಲ. ಉಳಿದಿರುವ ಮುಖ ಇದೊಂದೇ. "ಬೆಳ್ಳಗೆ ಮಾಡ್ಬೇಡಿ ಅಣ್ಣಾ, ಹೆಂಗಿದ್ರೋ ಹಂಗೇ ಬರ್ಲಿ" ಅಂದರು.

ಯಾವ ಕಾಗದ ಹಾಕೋಣ, ನೀವೇ ಹೇಳಿ! ಆಗ್ಫಾ ಬ್ರೋವಿರಾ ಅಂದರೆ ತಣ್ಣನೆಯ ಕಪ್ಪು. ಪೋರ್ಟ್ರಿಗಾದ್ದು ಕಂದು ಬೆರೆತ ಬಿಸುಪು, ಮುಖಕ್ಕೆಂದೇ ಹುಟ್ಟಿದಂತಿತ್ತು. ಎರಡೂ ಈಗಿಲ್ಲ. ಕೊಡಕ್ ಕೂಡ 2005ರಲ್ಲಿ ಕಪ್ಪು-ಬಿಳುಪು ಕಾಗದಕ್ಕೆ ಕೈಮುಗಿಯಿತು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಬರೀ ನೆನಪು.

ನನ್ನ ಬಳಿ ಇದ್ದದ್ದು ಇಲ್‌ಫೋರ್ಡ್ ಮಲ್ಟಿಗ್ರೇಡ್. ಹಿಂದೆ ಗ್ರೇಡಿಗೊಂದು ಡಬ್ಬ ಕೊಳ್ಳಬೇಕಿತ್ತು. ಇದರಲ್ಲಿ ಫಿಲ್ಟರ್ ಬದಲಿಸಿದರೆ ಮುಗೀತು. ರೆಸಿನ್ ಲೇಪನದ್ದಾದರೆ ಎರಡು ನಿಮಿಷ ತೊಳೆದರೆ ಸಾಕು. ಫೈಬರ್ ಕಾಗದ ಗಂಟೆಗಟ್ಟಲೆ ನೀರು ಬೇಡುತ್ತದೆ, ಒಣಗುವಾಗ ಹಪ್ಪಳದ ಹಾಗೆ ಸುರುಳುತ್ತದೆ. ಆದರೂ ನನ್ನ ಓಟು ಅದಕ್ಕೇ. ಆ ಕಪ್ಪಿನ ಆಳ ಪ್ಲಾಸ್ಟಿಕ್ಕಿಗೆ ಎಲ್ಲಿಂದ ಬರಬೇಕು?

3ನೇ ಫಿಲ್ಟರಿನಲ್ಲಿ ಷರಟು ಭಲೇ ಜೋರಾಯಿತು, ಕಣ್ಣು ಮಾತ್ರ ಮಸಿ. 2ಕ್ಕೆ ಇಳಿಸಿದೆ. ಚರ್ಮದ ಬಣ್ಣ ಹಾಗೇ ನಿಂತು ಕಣ್ಣು ತೆರೆಯಿತು. ಫೈಬರ್ ಒಣಗಿದ ಮೇಲೆ ಇನ್ನೊಂದಿಷ್ಟು ಕಪ್ಪಾಗುತ್ತದೆ. ಅದಕ್ಕೇ ಬೆಳಕನ್ನು ಒಂದು ಸೆಕೆಂಡು ಕಮ್ಮಿ ಕೊಟ್ಟಿದ್ದೇನೆ. ಪ್ರಿಂಟು ಈಗ ಹಗ್ಗದ ಮೇಲಿದೆ. ನಾಳೆ ಅವರು ಬರುತ್ತಾರೆ.