ನೀರಿನ ಜಾಡು ಹಿಡಿದು

ನವಾಹೋ ಪರ್ವತದ ಹಿಂದೆ ಬೆಳಕು ಹರಿಯುತ್ತಿದೆ. ಅರಿಜೋನಾದ ಪೇಜ್ ಊರಿನಾಚೆ ವಾವೀಪ್ ದಿಬ್ಬದ ಮೇಲೆ ನೀವು ನಿಂತಿದ್ದೀರಿ. ಅಕ್ಟೋಬರ್‌ನ ಒಣಗಾಳಿಗೆ ತುಟಿ ಆಗಲೇ ಬಿರಿದಿದೆ. ಪಕ್ಕದಲ್ಲಿ ಮಂಕಿ ಕ್ಯಾಪ್ ಹಾಕಿ, ಶಾಲು ಹೊದ್ದು, ಊರಿನಿಂದ ಬಂದ ಅಪ್ಪ. ಕೆಳಗೆ ಕೆಂಪು ಬಂಡೆಗಳ ಸಂದುಗೊಂದುಗಳಲ್ಲೆಲ್ಲ ನೀಲಿ ನೀರು ನುಗ್ಗಿ ನಿಂತಿದೆ. ಅದು ಪವೆಲ್ ಸರೋವರ. ಬಿಸಿಲು ಏರಿದ ಹಾಗೆ ಬಂಡೆಗಳ ಬುಡದಲ್ಲಿ ಸುಣ್ಣ ಬಳಿದ ಹಾಗೊಂದು ಬಿಳಿ ಪಟ್ಟಿ ಎದ್ದು ಕಾಣುತ್ತದೆ. ನೀರು ಒಮ್ಮೆ ಅಲ್ಲಿಯವರೆಗೆ ಇತ್ತು. ಇಳಿಯುವಾಗ ತನ್ನ ಖನಿಜವನ್ನು ಕಲ್ಲಿಗೆ ಅಂಟಿಸಿ ಹೋಗಿದೆ. 2023ರ ವಸಂತದ ಹೊತ್ತಿಗೆ ಈ ಸರೋವರ ತುಂಬು ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗಿತ್ತು.

ಅಪ್ಪ ಬಹಳ ಹೊತ್ತು ನೋಡುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದವರು. ಕೊನೆಗೆ ಕೇಳುತ್ತಾರೆ: "ಇಷ್ಟೊಂದ್ ನೀರದೆ, ಒಂದ್ ಗದ್ದೆನೂ ಕಾಣಾಕಿಲ್ವಲ್ಲ ಮಗ?"

ಕೇಳಬೇಕಾದ್ದೇ ಈ ಪ್ರಶ್ನೆ. ಈ ಮರುಭೂಮಿಗೆ ಬರುವವರಲ್ಲಿ ಹೆಚ್ಚಿನವರು ಪಟ್ಟಿ ಹಿಡಿದು ಬರುತ್ತಾರೆ: ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್, ಹಾರ್ಸ್‌ಶೂ ಬೆಂಡ್. ಇಳಿದು ಫೋಟೊ ತೆಗೆದು ಮತ್ತೆ ಕಾರು ಹತ್ತಿದರೆ ಮೂರು ದಿನಕ್ಕೆ ಎಲ್ಲ ಬಂಡೆಯೂ ಒಂದೇ ಬಣ್ಣ. ಪಟ್ಟಿ ಬಿಟ್ಟು ಒಂದು ಎಳೆ ಹಿಡಿಯಬೇಕು. ಪ್ರಾಚೀನ ಪ್ವೆಬ್ಲೊ ಜನರ ಕಲ್ಲಿನ ಮನೆಗಳ ಎಳೆ ಹಿಡಿದರೆ ಮೆಸಾ ವರ್ಡೆಯಿಂದ ಚಾಕೊ ಕಣಿವೆಗೆ ದಾರಿ ತಾನೇ ಮೂಡುತ್ತದೆ. ಹಳೆಯ ರೂಟ್ 66 ಇನ್ನೊಂದು ಎಳೆ, ಕತ್ತಲ ಆಕಾಶ ಮತ್ತೊಂದು. ನೀವು ಈ ಸಲ ಹಿಡಿದಿರುವುದು ನೀರನ್ನು. ನನ್ನನ್ನು ಕೇಳಿದರೆ ಈ ನಾಡಿನಲ್ಲಿ ಅದಕ್ಕಿಂತ ಗಟ್ಟಿಯಾದ ಎಳೆ ಇಲ್ಲ.

ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಪಕ್ಕದ ಸೇತುವೆಯ ಮೇಲೆ ನಡೆಯುತ್ತೀರಿ. ಲಾರಿ ಹಾದಾಗ ಕಾಲಡಿಯ ಕಾಂಕ್ರೀಟು ನಡುಗುತ್ತದೆ. ತಂತಿಬಲೆಯ ಸಂದಿನಿಂದ ಇಣುಕಿದರೆ, ಅಡಿಪಾಯದಿಂದ ಅಳೆದರೆ 710 ಅಡಿಯಾಗುವ ಬಿಳಿ ಗೋಡೆ, ಅದರ ಬುಡದಲ್ಲಿ ಹಸಿರು ನದಿ. 1963ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದರು, ತುಂಬಿದ್ದು 1980ರಲ್ಲಿ. ನಮ್ಮ ಕನ್ನಂಬಾಡಿಯಂಥ ಜಲಾಶಯಗಳು ಇದರೊಳಗೆ ಇಪ್ಪತ್ತಕ್ಕೂ ಹೆಚ್ಚು ಹಿಡಿಸುತ್ತವೆ.

ಅಪ್ಪನ ಪ್ರಶ್ನೆಗೆ ಉತ್ತರ ಇರುವುದು 1922ರ ನವೆಂಬರ್ 24ರ ಒಪ್ಪಂದದಲ್ಲಿ. ಅಂದು ಸಾಂಟಾ ಫೆಯಲ್ಲಿ ಏಳು ರಾಜ್ಯಗಳ ಪ್ರತಿನಿಧಿಗಳು ಕೊಲರಾಡೊ ನದಿಯನ್ನು ಮೇಲ್ಭಾಗ, ಕೆಳಭಾಗ ಎಂದು ಎರಡು ಮಾಡಿ ಸಹಿ ಹಾಕಿದರು. ಒಂದೊಂದಕ್ಕೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ. ನಮ್ಮ ಲೆಕ್ಕದಲ್ಲಿ ಸುಮಾರು 327 ಟಿಎಂಸಿ. ಮೇಲಿನವರು ಕೆಳಗಿನವರಿಗೆ ಹತ್ತು ವರ್ಷಕ್ಕೆ ಏಳೂವರೆ ಕೋಟಿ ಎಕರೆ-ಅಡಿ ಬಿಡಲೇಬೇಕು. ಬರಗಾಲದಲ್ಲೂ ಆ ಮಾತು ಉಳಿಸಿಕೊಳ್ಳಲು ಕೂಡಿಟ್ಟ ಗಂಟು ಈ ಸರೋವರ. ಆದ್ದರಿಂದಲೇ ಇದರ ದಡದಲ್ಲಿ ಗದ್ದೆಗಳಿಲ್ಲ.

"ನಮ್ಮದು ಇಪ್ಪತ್ನಾಲ್ಕರದು," ಎನ್ನುತ್ತಾರೆ ಅಪ್ಪ. 1924ರ ಮೈಸೂರು–ಮದ್ರಾಸ್ ಒಪ್ಪಂದ ಅವರಿಗೆ ಬಾಯಿಪಾಠ. ಇಲ್ಲಿಯ ಒಪ್ಪಂದದ ಕಷ್ಟವೂ ಅವರಿಗೆ ಬೇಗ ಅರ್ಥವಾಗುತ್ತದೆ: ನದಿಯನ್ನು ಅಳೆದದ್ದು ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ. ಕಾಗದದ ಮೇಲೆ ಹಂಚಿದಷ್ಟು ನೀರು ನದಿಯಲ್ಲಿ ಇಲ್ಲ.

ಮಧ್ಯಾಹ್ನಕ್ಕೆ ಆಂಟಿಲೋಪ್ ಕಣಿವೆ. ಇದು ನವಾಹೋ ಜನರ ನೆಲ. ಅವರ ಮಾರ್ಗದರ್ಶಕರಿಲ್ಲದೆ ಒಳಗೆ ಬಿಡುವುದಿಲ್ಲ. ಟಿಕೆಟ್ ಕಾಯ್ದಿರಿಸುವಾಗ ಸಮಯ ಯಾವ ಗಡಿಯಾರದ್ದೆಂದು ಕೇಳಿಕೊಳ್ಳಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ನವಾಹೋ ನಾಡು ಅರಿಜೋನಾದ ಉಳಿದ ಭಾಗಕ್ಕಿಂತ ಒಂದು ಗಂಟೆ ಮುಂದಿರುತ್ತದೆ, ಗಡಿಯ ಬಳಿ ಮೊಬೈಲ್ ಎರಡರ ನಡುವೆ ತಡಬಡಿಸುತ್ತದೆ.

ಒಳಗೆ ಕಾಲಿಟ್ಟರೆ ತಂಪು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಮರಳುಗಲ್ಲು ಅಲೆ ಅಲೆಯಾಗಿ ತಿರುಚಿ ಮೇಲೇರಿದೆ. ಎಲ್ಲೋ ಎತ್ತರದಿಂದ ಬಿದ್ದ ಬೆಳಕು ಕಿತ್ತಳೆಯಾಗಿ, ಕೆಳಗಿಳಿದಂತೆ ನೇರಳೆಯಾಗಿ ಸೋಸಿ ಬರುತ್ತದೆ. ಕ್ಯಾಮೆರಾ ಹಿಡಿದವರು ಬೆಳಕನ್ನು ನೋಡುತ್ತಾರೆ. ನೀವು ತಲೆ ಎತ್ತಿ ಆ ಮರದ ದಿಮ್ಮಿಯನ್ನು ನೋಡಿ. ಆಳೆತ್ತರಕ್ಕೂ ಮೇಲೆ, ಎರಡು ಗೋಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿದೆ. ಅದನ್ನು ಅಲ್ಲಿಗೆ ತಂದದ್ದು ಪ್ರವಾಹ. ಈ ಗೋಡೆಗಳನ್ನು ಕೊರೆದದ್ದೂ ಅದೇ. 1997ರ ಆಗಸ್ಟ್ 12ರಂದು ಮೈಲುಗಳಾಚೆ ಸುರಿದ ಮಳೆಯ ನೀರು ಈ ಕಣಿವೆಗೆ ನುಗ್ಗಿ 11 ಪ್ರವಾಸಿಗರು ಸತ್ತರು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಮುಂಗಾರಿನಲ್ಲಿ ಬರುವುದಾದರೆ ನಿಮ್ಮ ತಲೆಯ ಮೇಲಿನ ಆಕಾಶವನ್ನಷ್ಟೇ ನೋಡಿದರೆ ಸಾಲದು. ಒಣಹಳ್ಳದ ರಸ್ತೆಯಲ್ಲಿ ನೀರು ಹರಿಯುತ್ತಿದ್ದರೆ ಕಾರು ಇಳಿಸಲೇಬೇಡಿ. ಇದರಲ್ಲಿ ರಾಜಿ ಇಲ್ಲ.

ಮರುದಿನ ವರ್ಮಿಲಿಯನ್ ಬಂಡೆಸಾಲಿನ ಕಡೆಗೆ ರಸ್ತೆ. ಎದುರು ವಾಹನ ಅಪರೂಪ. ಡಿಕ್ಕಿಯಲ್ಲಿ ತಲೆಗೆ ದಿನಕ್ಕೊಂದು ಗ್ಯಾಲನ್ ನೀರು. ಮೊಬೈಲ್‌ನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ, ಏಕೆಂದರೆ ಮುಂದೆ ಸಿಗ್ನಲ್ ನಂಬುವಂತಿಲ್ಲ. 1929ರಲ್ಲಿ ತೆರೆದ ಹಳೆಯ ನವಾಹೋ ಸೇತುವೆಯ ಮೇಲೆ ಈಗ ನಡೆಯುವವರಿಗೆ ಮಾತ್ರ ಜಾಗ. ನಡುಮಧ್ಯಕ್ಕೆ ಬರುವಷ್ಟರಲ್ಲಿ ಕೆಳಗಿನ ಉಕ್ಕಿನ ಕಮಾನಿನಿಂದ ಕಪ್ಪು ಹಕ್ಕಿಯೊಂದು ಮೇಲೇಳುತ್ತದೆ. ರೆಕ್ಕೆಯ ಮೇಲೆ ನಂಬರಿನ ಚೀಟಿ: ಕ್ಯಾಲಿಫೋರ್ನಿಯಾ ಕಾಂಡರ್, ಒಂಬತ್ತು ಅಡಿಗೂ ಮೀರಿದ ರೆಕ್ಕೆಯಗಲ. ಅಳಿವಿನಂಚಿಗೆ ಬಂದಿದ್ದ ಈ ಜಾತಿಯನ್ನು 1996ರಿಂದ ಈ ಬಂಡೆಗಳಿಂದ ಹಾರಿಬಿಡುತ್ತಿದ್ದಾರೆ.

ಸೇತುವೆಯಿಂದ ಸ್ವಲ್ಪ ದೂರ ಇಳಿದರೆ ಲೀಸ್ ಫೆರ್ರಿ. ನೂರಾರು ಮೈಲಿ ಪ್ರಪಾತದೊಳಗೆ ಹರಿಯುವ ನದಿಯ ನೀರನ್ನು ಕೈಯಲ್ಲಿ ಮುಟ್ಟಲು ಸಿಗುವ ಜಾಗ ಇದು. ಅಪ್ಪ ಪ್ಯಾಂಟು ಮಡಚಿ ಕಾಲಿಡುತ್ತಾರೆ, ತಕ್ಷಣ ಹಿಂದೆಗೆಯುತ್ತಾರೆ. ಅಣೆಕಟ್ಟಿನ ಆಳದಿಂದ ಬಿಟ್ಟ ನೀರು. ಹೊರಗೆ ಎಷ್ಟೇ ಬಿಸಿಲಿರಲಿ, ಇದು ಕೊರೆಯುತ್ತದೆ. ಹೂಳೆಲ್ಲ ಮೇಲೆ ಸರೋವರದಲ್ಲೇ ಕೂತಿರುವುದರಿಂದ ತಿಳಿಹಸಿರು. ಕೆಳಗೆ ಪರಿಯಾ ಹೊಳೆ ಮಣ್ಣುನೀರು ತಂದು ಸೇರಿಸುತ್ತದೆ. ಆ ಸಂಗಮದಿಂದ ಒಂದು ಮೈಲಿ ಕೆಳಗೆ ಒಪ್ಪಂದದ ಗೆರೆ. ಆ ಗೆರೆ ದಾಟುವ ಒಂದೊಂದು ಹನಿಗೂ ಲೆಕ್ಕವಿದೆ. ಲೀಸ್ ಫೆರ್ರಿಯಲ್ಲಿ 1921ರಿಂದ ನದಿಯನ್ನು ಅಳೆಯುತ್ತಿದ್ದಾರೆ.

ದಕ್ಷಿಣಕ್ಕೆ ತಿರುಗಿ ಕ್ಯಾಮರನ್ ಕಡೆ ಹೊರಟಾಗ ಪೆಟ್ರೋಲ್ ಬಂಕೊಂದರಲ್ಲಿ ನಿಲ್ಲುತ್ತೀರಿ. ಪಕ್ಕದ ಪಿಕಪ್‌ನ ಹಿಂಭಾಗದಲ್ಲಿ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು, ತುಂಬ ನೀರು. ಓಡಿಸುವ ಅಜ್ಜಿ ಹಗ್ಗ ಬಿಗಿಯುತ್ತಿದ್ದಾರೆ. ನವಾಹೋ ನಾಡಿನಲ್ಲಿ ಮೂರರಲ್ಲಿ ಒಂದರಷ್ಟು ಮನೆಗಳಿಗೆ ಇಂದಿಗೂ ನಲ್ಲಿ ಇಲ್ಲ. ಮೈಲುಗಟ್ಟಲೆ ಹೋಗಿ ಹೊತ್ತು ತರುತ್ತಾರೆ. ನದಿ ಅವರ ನೆಲದ ಅಂಚಿನಲ್ಲೇ ಹರಿಯುತ್ತದೆ. 1922ರಲ್ಲಿ ಹಂಚುವಾಗ ಅವರನ್ನು ಯಾರೂ ಕರೆದಿರಲಿಲ್ಲ. ಅವರಿಗೆ ನೀರು ದೊರಕಿಸಲು ಕ್ರಮ ಕೈಗೊಳ್ಳುವ ಹೊಣೆ ಕೇಂದ್ರ ಸರ್ಕಾರದ್ದಲ್ಲ ಎಂದು 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಲ್ಲಿ ಹೇಳಿತು. ಇದು ಅನ್ಯಾಯ. ಇಲ್ಲಿ ನಿಂತು ಆ ಟ್ಯಾಂಕನ್ನು ನೋಡಿದ ಮೇಲೆ ಬೇರೆ ಮಾತು ನನಗೆ ಹೊಳೆಯುವುದಿಲ್ಲ.

ಸಂಜೆ ಗ್ರ್ಯಾಂಡ್ ಕ್ಯಾನ್ಯನ್. ಮೇರಿ ಕೋಲ್ಟರ್ 1932ರಲ್ಲಿ ಕಟ್ಟಿಸಿದ ಕಲ್ಲಿನ ಗೋಪುರದ ಬಳಿ ನಿಂತರೆ ಸುಮಾರು ಒಂದು ಮೈಲಿ ಆಳದಲ್ಲಿ ಅದೇ ನದಿ, ನೂಲಿನಷ್ಟು. ಆ ವೈಭವವನ್ನು ಎಲ್ಲರೂ ಬರೆದಿದ್ದಾರೆ. ನಾನು ಕುಡಿಯುವ ನೀರಿನ ನಲ್ಲಿಯನ್ನು ತೋರಿಸುತ್ತೇನೆ. ಈ ದಂಡೆಯ ನೀರು ಎದುರಿನ ಉತ್ತರ ದಂಡೆಯ ಕೆಳಗಿನ ರೋರಿಂಗ್ ಸ್ಪ್ರಿಂಗ್ಸ್ ಎಂಬ ಒರತೆಯಿಂದ, ಕಣಿವೆಯನ್ನೇ ದಾಟಿ ಪೈಪಿನಲ್ಲಿ ಬರುತ್ತದೆ. ಪೈಪು ಹಳೆಯದು. 2024ರ ಆಗಸ್ಟ್ ಕೊನೆಯಲ್ಲಿ ಅದು ಒಡೆದು, ದಕ್ಷಿಣ ದಂಡೆಯ ವಸತಿಗೃಹಗಳಲ್ಲಿ ರಾತ್ರಿ ತಂಗುವುದನ್ನೇ ನಿಲ್ಲಿಸಬೇಕಾಯಿತು. ಹೊರಡುವ ಮುನ್ನ ಉದ್ಯಾನದವರ ಪ್ರಕಟಣೆ ನೋಡಿಕೊಳ್ಳಿ.

ಹಿಂತಿರುಗುವಾಗ ಫೀನಿಕ್ಸ್‌ನ ಉತ್ತರದ ಅಂಚಿನಲ್ಲಿ ಐ-17 ಹೆದ್ದಾರಿ ಒಂದು ಕಾಲುವೆಯನ್ನು ದಾಟುತ್ತದೆ. ದಿನಾ ಓಡಾಡುವವರು ಗಮನಿಸುವುದಿಲ್ಲ. ಅಪ್ಪ ಕಿಟಕಿಗೆ ಬೆರಳು ತಾಗಿಸುತ್ತಾರೆ: "ನಾಲೆ!" ಹೌದು, ಅದೇ ನದಿಯ ನೀರು. ಹವಾಸು ಸರೋವರದಿಂದ ಟುಸಾನ್ ಕಡೆಗೆ 336 ಮೈಲಿ, ದಾರಿಯಲ್ಲಿ ಸುಮಾರು 2,900 ಅಡಿ ಮೇಲಕ್ಕೆ ಪಂಪು ಮಾಡಿ ತಂದದ್ದು. ಊರೊಳಗೆ, ವಿಮಾನ ನಿಲ್ದಾಣದ ಹತ್ತಿರದ ಸೆದಾವ್ ವಾಅಕಿ ವಸ್ತುಸಂಗ್ರಹಾಲಯದಲ್ಲಿ ಇನ್ನೂ ಹಳೆಯ ನಾಲೆಗಳ ಗುರುತಿದೆ. ಹೋಹೋಕಮ್ ಜನ ಸಾವಿರ ವರ್ಷಕ್ಕೂ ಹಿಂದೆ ಸಾಲ್ಟ್ ನದಿಯಿಂದ ಕೈಯಲ್ಲೇ ನಾಲೆ ತೋಡಿ ಮೆಕ್ಕೆಜೋಳ, ಹತ್ತಿ ಬೆಳೆದರು. 1860ರ ದಶಕದಲ್ಲಿ ಬಂದ ವಲಸಿಗರು ಆ ಹಳೆಯ ಕಾಲುವೆಗಳನ್ನೇ ಕೆದಕಿ ಊರು ಕಟ್ಟಿದರು.

ಫೀನಿಕ್ಸ್, ಚಾಂಡ್ಲರ್ ಕಡೆ ನೆಲೆಸಿರುವ ಕನ್ನಡಿಗರೇ, ಈ ಸಲ ಊರಿನಿಂದ ಅಪ್ಪ ಅಮ್ಮ ಬಂದಾಗ ವೇಗಸ್‌ನ ದೀಪಗಳನ್ನು ಬಿಟ್ಟು ಈ ದಾರಿಯಲ್ಲಿ ಕರೆದೊಯ್ಯಿರಿ. ನಾಲೆ ಕಂಡವರಿಗೆ ಇಲ್ಲಿ ನೋಡುವುದು ಬೇಕಾದಷ್ಟಿದೆ. ಮೊದಲು ನಿಮ್ಮ ಮನೆಯ ನಲ್ಲಿಗೆ ನೀರು ಯಾವ ಕಾಲುವೆಯಿಂದ ಬರುತ್ತದೆಂದು ವಿಚಾರಿಸಿಕೊಳ್ಳಿ. ಹೋಟೆಲ್ ಕಾಯ್ದಿರಿಸುವುದು ಆಮೇಲೆ.