ನಿದ್ದೆ ಬಲ್ಲ ಗಡಿಯಾರ

ಎಚ್‌ಎಂಟಿ ವಾಚಿನ ಮಾತೆತ್ತಿದರೆ ಬೆಂಗಳೂರಿನ ಹಿರಿಯರ ಮುಖ ಅರಳುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಕಾರ್ಖಾನೆ ಅದು. ಬೆಳಿಗ್ಗೆ ಒಮ್ಮೆ ಕೀ ಕೊಟ್ಟರೆ ಮರುದಿನದವರೆಗೆ ಚಿಂತೆಯಿಲ್ಲ. ಅದೇ ಸಿಟಿಜನ್ 40 ವರ್ಷದ ಮೇಲೆ, 2001ರಲ್ಲಿ, ಐಬಿಎಂ ಜೊತೆಗೂಡಿ ಸಂಶೋಧನೆಗೆಂದು ವಾಚ್‌ಪ್ಯಾಡ್ ಎಂಬ ಗಡಿಯಾರ ಮಾಡಿತು. ಅದರೊಳಗೆ ಓಡುತ್ತಿದ್ದದ್ದು ಲಿನಕ್ಸ್! ದೊಡ್ಡ ಸರ್ವರುಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮನ್ನು ಮಣಿಕಟ್ಟಿಗೂ ಇಳಿಸಬಹುದೆಂದು ತೋರಿಸಿದ ಸಾಹಸ.

ಇಳಿಸಬಹುದು, ಸರಿ. ಇಳಿಸಬೇಕೇ? ಇಲ್ಲಿಂದ ದಾರಿ ಎರಡಾಗುತ್ತದೆ. ಫೋನಿನ ಸಿಸ್ಟಮ್ಮನ್ನೇ ಕತ್ತರಿಸಿ ಹೊಲಿದು ವಾಚಿಗೆ ತೊಡಿಸುವುದು ಒಂದು. 2014ರಲ್ಲಿ ಆಂಡ್ರಾಯ್ಡ್ ವೇರ್ ಎಂದು ಹುಟ್ಟಿ ಈಗ ವೇರ್ ಓಎಸ್ ಆಗಿರುವುದೂ, 2015ರಲ್ಲಿ ಬಂದ ಆಪಲ್ ವಾಚಿನದೂ ಈ ದಾರಿ. ನಕ್ಷೆ, ಹಾಡು, ಕರೆ, ಪಾವತಿ ಎಲ್ಲವೂ ಕೈಮೇಲೆಯೇ ಸಿಗುತ್ತವೆ. ಬೆಲೆ ತೆರುವುದು ಬ್ಯಾಟರಿ. 2015ರ ಆ ವಾಚಿಗೆ ಆಪಲ್ ಕೊಟ್ಟಿದ್ದ ಮಾತೇ 18 ಗಂಟೆ. ರಾತ್ರಿ ನಮ್ಮ ನಿದ್ದೆಯನ್ನು ಅಳೆಯಬೇಕಾದ ವಾಚು ರಾತ್ರಿಯೇ ಚಾರ್ಜರಿನ ಮೇಲೆ ಮಲಗಿದರೆ ಏನು ಬಂತು?

ಇನ್ನೊಂದು ದಾರಿ ಪೆಬಲ್‌ನದು. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದಲೇ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿ, ಮರುವರ್ಷ ಹೊರಬಂದ ವಾಚು. ಒಳಗಿದ್ದದ್ದು ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಸಿಸ್ಟಮ್. ಒಂದು ಆಪ್‌ಗೆ ಸಿಗುತ್ತಿದ್ದ ಮೆಮೊರಿ 24 ಕಿಲೋಬೈಟ್. ಇಂಥ ಎರಡು ಹರಟೆ ಬರೆದಿಟ್ಟರೆ ಹೆಚ್ಚುಕಡಿಮೆ ತುಂಬಿಹೋಗುವಷ್ಟು ಜಾಗ. ಆದರೂ ಒಂದು ಸಲ ಚಾರ್ಜು ಮಾಡಿದರೆ ವಾರದವರೆಗೂ ಬರುತ್ತಿತ್ತು.

ಗುಟ್ಟು ನಿದ್ದೆಯಲ್ಲಿದೆ. ವಾಚಿಗೆ ದಿನದ ಬಹುಪಾಲು ಕೆಲಸವೇ ಇಲ್ಲ. ನಿಮಿಷಕ್ಕೊಮ್ಮೆ ಮುಳ್ಳು ಸರಿಸಬೇಕು, ಆಗೊಮ್ಮೆ ಈಗೊಮ್ಮೆ ಸಂದೇಶ ತೋರಿಸಬೇಕು. ಪುಟ್ಟ ಸಿಸ್ಟಮ್ ಮುಂದಿನ ಕೆಲಸ ಯಾವಾಗ ಎಂದು ನೋಡಿಕೊಂಡು, ಅಲ್ಲಿಯವರೆಗೆ ಪ್ರೊಸೆಸರನ್ನು ಮಲಗಿಸಿಬಿಡುತ್ತದೆ. ಚಲನೆ ಗುರುತಿಸುವ ಸೆನ್ಸರ್ ಲೆಕ್ಕಗಳನ್ನು ತನ್ನಲ್ಲೇ ಕೂಡಿಟ್ಟುಕೊಂಡು, ಒಂದಿಷ್ಟು ಆದಮೇಲೆ ಒಮ್ಮೆ ಮಾತ್ರ ಪ್ರೊಸೆಸರನ್ನು ಎಬ್ಬಿಸುತ್ತದೆ. ದೊಡ್ಡ ಸಿಸ್ಟಮ್ಮಿನಲ್ಲಿ ಹಿನ್ನೆಲೆಯ ಕೆಲಸಗಳು ಹಲವು. ಒಂದು ಮಲಗಿತು ಅನ್ನುವಷ್ಟರಲ್ಲಿ ಇನ್ನೊಂದು ಏಳುತ್ತದೆ. ದೊಡ್ಡವರೂ ಇದನ್ನು ಒಪ್ಪಿಕೊಂಡಿದ್ದಾರೆ. 2024ರ ಒನ್‌ಪ್ಲಸ್ ವಾಚ್ 2ರಲ್ಲಿ ಎರಡು ಚಿಪ್ಪು, ಎರಡು ಸಿಸ್ಟಮ್: ಭಾರದ ಕೆಲಸಕ್ಕೆ ವೇರ್ ಓಎಸ್, ಉಳಿದ ಹೊತ್ತಿಗೆ ಪುಟ್ಟದೊಂದು.

ನನ್ನ ಒಲವು ಪುಟ್ಟದರ ಕಡೆಗೇ. ಮೈಮೇಲೆ ಧರಿಸುವ ವಸ್ತು ನಮ್ಮಿಂದ ಕಡಿಮೆ ಚಾಕರಿ ಬೇಡಬೇಕು. ಆದರೆ ಒಂದು ಕೊರತೆ ನನ್ನನ್ನು ನಿಜವಾಗಿ ಕಾಡುತ್ತದೆ. ಕನ್ನಡ ಬರೆಯುವುದೆಂದರೆ ಅಕ್ಷರಗಳನ್ನು ಸಾಲಾಗಿ ಇಡುವುದಷ್ಟೇ ಅಲ್ಲ. ಒತ್ತಕ್ಷರ ಕೆಳಗೆ ಕೂರಬೇಕು, ಗುಣಿತ ಮೈಗೆ ಅಂಟಬೇಕು. ಅದಕ್ಕೆ ಬೇರೆಯೇ ತಂತ್ರಾಂಶ ಬೇಕು. ಆಂಡ್ರಾಯ್ಡ್‌ನಲ್ಲಿ ಅದಿದೆ. ಪುಟ್ಟ ಸಿಸ್ಟಮ್ಮಿನ ವಾಚುಗಳಲ್ಲಿ ಜಾಗವಿಲ್ಲವೆಂದು ಅದನ್ನು ಬಿಟ್ಟಿರುವುದುಂಟು. ಆಗ ಊರಿಂದ ಅಮ್ಮ ಕಳಿಸಿದ ಸಂದೇಶ ಬರೀ ಚೌಕಗಳಾಗಿ ಕಾಣುತ್ತದೆ. ಬ್ಯಾಟರಿ ವಾರ ಬಂದರೂ ಅಮ್ಮನ ಮಾತು ಓದಲಾಗದಿದ್ದರೆ ಆ ವಾಚು ನಮ್ಮದಲ್ಲ.

ಇದಕ್ಕೂ ದಾರಿಯಿದೆ. ಪೆಬಲ್ ಕಂಪನಿ 2016ರಲ್ಲಿ ಫಿಟ್‌ಬಿಟ್ ಪಾಲಾಗಿ, 2018ರಲ್ಲಿ ಅದರ ಸೇವೆಗಳೂ ನಿಂತವು. ಆ ವಾಚು ಧರಿಸುತ್ತಿದ್ದವರು ಮಾತ್ರ ಬಿಡಲಿಲ್ಲ. ರೆಬಲ್ ಎಂಬ ಬಳಗ ಕಟ್ಟಿಕೊಂಡು ತಾವೇ ಸೇವೆ ನಡೆಸಿದರು. ಫಿಟ್‌ಬಿಟ್ಟನ್ನು ಕೊಂಡಿದ್ದ ಗೂಗಲ್ 2025ರ ಜನವರಿಯಲ್ಲಿ ಪೆಬಲ್‌ನ ಸಿಸ್ಟಮ್ಮಿನ ಬಹುಪಾಲು ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಕೆಲವೇ ಜನ ಕೂತು ಓದಿ ಅರ್ಥಮಾಡಿಕೊಳ್ಳಬಹುದಾದಷ್ಟು ಚಿಕ್ಕದು ಎಂಬುದೇ ಅದರ ಬಲ. ಅಲ್ಲಿ ಒತ್ತಕ್ಷರ ಕೂರಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ಕೋಡು ಬಲ್ಲ ಕನ್ನಡಿಗರಿಗೆ ಬರವೂ ಇಲ್ಲ; ಮನಸ್ಸು ಮಾಡಿದರೆ ಸಾಕು.